ಬೆಂಗಳೂರಿನಿಂದ ಬೋಗ್ಮಾಲೋಗೆ: ಕಾರು, ಹಳೆಯ ವಿಮಾನ, ಪೆಟ್ರೋಲ್ ಲೆಕ್ಕ

ಮೊದಲ ದಿನ: ಎಚ್‌ಎಎಲ್ ಅಂಗಳದಿಂದ ಹುಬ್ಬಳ್ಳಿಗೆ

ಗೋವಾಕ್ಕೆ ಹೋಗುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಯಾವ ಬೀಚು ಅಂತ. ನನಗೆ ನೋಡಬೇಕಿದ್ದದ್ದು ಬೋಗ್ಮಾಲೋ ರಸ್ತೆಯ ನೌಕಾ ವಿಮಾನ ಸಂಗ್ರಹಾಲಯ, ಅದರಲ್ಲೂ ಅಂಗಳದಲ್ಲಿ ನಿಂತಿರುವ ಲಾಕ್‌ಹೀಡ್ ಸೂಪರ್ ಕಾನ್‌ಸ್ಟಲೇಷನ್ ಅನ್ನುವ ಹಳೆಯ ಪ್ರಯಾಣಿಕ ವಿಮಾನ. ಜೊತೆಗೆ ಬಂದವರು ನನ್ನ ಸೋದರಮಾವ. ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ ಇಡೀ ಸರ್ವೀಸು ಕಳೆದವರು. ಈಗ ಇರುವುದು ತುಮಕೂರಿನಲ್ಲಿ. ಮಗಳ ಮನೆಗೆ ಬೆಂಗಳೂರಿಗೆ ಬಂದಿದ್ದರು, ನಾನು ಹೊರಟಿದ್ದು ಗೊತ್ತಾದ ಕೂಡಲೇ ಬ್ಯಾಗು ಹಿಡಿದು ನಿಂತರು. ನನ್ನ ಕಾರು 2013ರ ಸ್ವಿಫ್ಟ್, 1.2 ಲೀಟರ್ ಪೆಟ್ರೋಲ್. ಟ್ಯಾಂಕು 42 ಲೀಟರ್. ಬಂಕ್‌ನಲ್ಲಿ ಆಟೋ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿಕೊಂಡೆ. ಮೈಲೇಜ್ ನಿಜವಾಗಿ ಗೊತ್ತಾಗಬೇಕಾದರೆ ಈ ದಾರಿಯೇ ಸರಿ. ಡ್ಯಾಶ್‌ಬೋರ್ಡಿನ ಅಂಕಿ ಯಾವಾಗಲೂ ಸ್ವಲ್ಪ ಉದಾರ.

ಹೈವೇ ಹಿಡಿಯುವ ಮೊದಲು ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಹೋಗಲೇಬೇಕು ಅಂತ ಮಾವನ ಹಟ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಶಾಲಾ ಮಕ್ಕಳ ಬಸ್ಸುಗಳು ಬರುವ ಮೊದಲು ಆರಾಮಾಗಿ ನೋಡಬಹುದು. ಮರದ ನೆರಳು, ಹುಲ್ಲಿನ ಮೇಲೆ ವಿಮಾನಗಳು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಕಾರ್ಖಾನೆ ಇದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರ ವಿಮಾನಗಳಿಗೆ ಇಲ್ಲೇ ರಿಪೇರಿ. ಕ್ಯಾಟಲಿನಾ ಅನ್ನುವ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವಂತೆ. ಈಗ ಆ ಕೆರೆಯ ಪಕ್ಕ ಸಿಗ್ನಲ್‌ನಲ್ಲಿ ಕಾಯುವಾಗೆಲ್ಲ ನನಗೆ ಇದೇ ನೆನಪು.

ಮಾವ ಎಚ್‌ಟಿ-2 ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ. 1951ರಲ್ಲಿ ಹಾರಿದ, ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ತರಬೇತಿ ವಿಮಾನ ಅದು. 155 ಅಶ್ವಶಕ್ತಿಯ ಎಂಜಿನ್. ಇಂದಿನ ಒಂದು ಒಳ್ಳೆಯ ಎಸ್‌ಯುವಿಗೂ ಅಷ್ಟೇ ಶಕ್ತಿ. ಮಾವ ನೇರ ಹೋಗಿದ್ದು ಎಚ್‌ಎಫ್-24 ಮಾರುತ್ ಕಡೆ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ ಯುದ್ಧವಿಮಾನ. 1961ರ ಜೂನ್‌ನಲ್ಲಿ ಮೊದಲ ಹಾರಾಟ. ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ. ಇಂದಿಗೂ ಇದಕ್ಕಿಂತ ಚೆಂದದ ಗೆರೆ ನಾನು ಕಂಡಿಲ್ಲ.

"ಮೈಕಟ್ಟು ಮ್ಯಾಕ್ 2ಕ್ಕೆ, ಅಂದ್ರೆ ಶಬ್ದದ ಎರಡು ಪಟ್ಟು ವೇಗಕ್ಕೆ ಬರೆದಿದ್ರು ಕಣೋ, ಎಂಜಿನ್ ಸಿಗಲಿಲ್ಲ," ಅಂದರು ಮಾವ. ಅವರ ದನಿಯಲ್ಲಿ ಈಗಲೂ ಬೇಸರ. ಹಾಕಬೇಕಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ ಕೊನೆಗೂ ಬರಲಿಲ್ಲ. ಇದ್ದ ಆರ್ಫಿಯಸ್ 703 ಎರಡನ್ನು ಕೂರಿಸಿ ಹಾರಿಸಿದರು. ಹಾಗಿದ್ದೂ 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತ್‌ಗಳು ಒಳ್ಳೆಯ ಕೆಲಸ ಮಾಡಿದವು.

ಎಂಜಿನ್ ಕತ್ತರಿಸಿ ಒಳಗಿನ ಭಾಗ ತೋರಿಸುವ ಹಾಲ್‌ನಲ್ಲಿ ನಾನು ಒಂದು ಲೆಕ್ಕ ಕೇಳಿದೆ. ಮಾವ ಅಲ್ಲೇ ನಿಂತು ಬೆರಳು ಮಡಿಸಿದರು. ಪೂರ್ತಿ ಥ್ರಾಟಲ್ ಕೊಟ್ಟರೆ ನೆಲಮಟ್ಟದಲ್ಲಿ ಎರಡು ಆರ್ಫಿಯಸ್ ಸೇರಿ ಗಂಟೆಗೆ 5 ಸಾವಿರ ಲೀಟರ್‌ಗಿಂತ ಜಾಸ್ತಿ ಕುಡಿಯುತ್ತವೆ. ಅಂದರೆ ನನ್ನ ಸ್ವಿಫ್ಟ್‌ನ ತುಂಬಿದ ಟ್ಯಾಂಕು ಅರ್ಧ ನಿಮಿಷಕ್ಕೆ ಖಾಲಿ. ನಾನು ಅದೇ ಟ್ಯಾಂಕಿನಲ್ಲಿ ಹುಬ್ಬಳ್ಳಿ ದಾಟಬೇಕೆಂದಿದ್ದೆ!

ಸಿಟಿ ದಾಟುವುದೇ ದೊಡ್ಡ ಕೆಲಸ. ಮಾರತ್ತಹಳ್ಳಿ ಕಡೆಯಿಂದ ನೆಲಮಂಗಲ ಸೇರುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಗೊರಗುಂಟೆಪಾಳ್ಯದ ಹತ್ತಿರ ಸುಮ್ನೆ ನಿಂತಿದ್ದೇ ಜಾಸ್ತಿ. ನಿಂತ ಕಾರಿನ ಎಂಜಿನ್ ಓಡುತ್ತಿದ್ದರೆ ಗಂಟೆಗೆ ಅರ್ಧ ಲೀಟರ್‌ಗೂ ಹೆಚ್ಚು ಪೆಟ್ರೋಲ್ ಹೋಗುತ್ತದೆ, ಎಸಿ ಇದ್ದರೆ ಇನ್ನೂ ಜಾಸ್ತಿ. ದೊಡ್ಡ ಸಿಗ್ನಲ್‌ಗಳಲ್ಲಿ ಕೀ ತಿರುಗಿಸಿ ಆಫ್ ಮಾಡುವುದು ನನಗೆ ಹಳೇ ರೂಢಿ.

ಊಟದ ಬದಲು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಬಿಸಿ ಇಡ್ಲಿಯ ಮೇಲೆ ಬೆಣ್ಣೆ ಇಟ್ಟ ಕೂಡಲೇ ಕರಗಿ ಅಂಚಿಗೆ ಹರಿಯುತ್ತದೆ, ಅದು ಚಟ್ನಿಗೆ ಸೇರುವ ಮೊದಲೇ ತಿನ್ನಬೇಕು. ಮಾವನಿಗೆ ತಮ್ಮ ಊರಿನ ಇಡ್ಲಿ ಅಂತ ಅಭಿಮಾನ. ಇನ್ನೊಂದು ಹಾಕಿಸಿದರು.

ಚಿತ್ರದುರ್ಗದ ಹತ್ತಿರ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಎದುರುಗಾಳಿ ಎಷ್ಟಿದೆ ಅಂತ ನೋಡಲು ಅವೇ ಸಾಕು. ಸ್ಟೀರಿಂಗ್‌ನಲ್ಲಿ ಗಾಳಿಯ ತಳ್ಳಾಟ ಗೊತ್ತಾಗುತ್ತಿತ್ತು. ವಿಮಾನಕ್ಕೆ ಎದುರುಗಾಳಿ ಬಂದರೆ ಗಾಳಿಯಲ್ಲಿನ ವೇಗ ಅಷ್ಟೇ ಇರುತ್ತದೆ, ನೆಲದ ಮೇಲಿನ ವೇಗ ಕಡಿಮೆಯಾಗುತ್ತದೆ. ಕಾರಿಗೆ ಉಲ್ಟಾ. ನೆಲದ ವೇಗ ನಾವು ಹಿಡಿದಿಡುತ್ತೇವೆ, ಗಾಳಿಯ ಪಾಲಿಗೆ ಕಾರು ಇನ್ನೂ ಜೋರಾಗಿ ಓಡುತ್ತಿರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟು. ಅದಕ್ಕೇ ಅಲ್ಲಿ 85ಕ್ಕೆ ಇಳಿಸಿ, ಎಡಗಡೆ ಲೇನ್ ಹಿಡಿದೆ. ಹಿಂದಿನಿಂದ ಬಂದ ಗಾಡಿಗಳು ಲೈಟ್ ಹೊಡೆದು ಮುಂದೆ ಹೋದವು. ಹೋಗಲಿ.

ದಾವಣಗೆರೆಯಲ್ಲಿ ಸಂಜೆ ಬೆಣ್ಣೆ ದೋಸೆ. ಹಾವೇರಿ ದಾಟಿದ ಮೇಲೆ ಕಾರು ಎಡಕ್ಕೆ ಎಳೆಯತೊಡಗಿತು. ಹಿಂದಿನ ಎಡ ಟೈರಿನಲ್ಲಿ ಬಡಗಿಗಳು ಬಳಸುವಂಥ ಒಂದು ಮೊಳೆ. ಟ್ಯೂಬ್‌ಲೆಸ್ ಆದ್ದರಿಂದ ಗಾಳಿ ನಿಧಾನ ಇಳಿಯುತ್ತಿತ್ತು. ಸರ್ವೀಸ್ ರಸ್ತೆಯಲ್ಲಿ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಹುಡುಗ ಮೊಳೆ ಕಿತ್ತು, ರಾಸ್ಪ್ ಹಾಕಿ ತಿರುವಿ, ಅಂಟು ಸವರಿದ ಸ್ಟ್ರಿಪ್ ಒಳಗೆ ತುರುಕಿದ. ಹೊರಗೆ ಉಳಿದ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಅದರ ಮೇಲೆ ಎಂಜಲು ಸವರಿ ಗುಳ್ಳೆ ಬರುತ್ತದಾ ಅಂತ ನೋಡಿದ. ಬರಲಿಲ್ಲ. ಉಳಿದ ಮೂರೂ ಟೈರಿನ ಗಾಳಿಯನ್ನೂ ಅವನೇ ಪರೀಕ್ಷಿಸಿದ.

"ಅಣ್ಣಾ, ಬಲಗಡಿ ಮುಂದಿಂದ್ರಾಗ 26 ಐತ್ರಿ. ಹಿಂಗ ಓಡಿಸಿದ್ರ ಪೆಟ್ರೋಲ್ ಸುಮ್ನ ಹೋಗ್ತದ," ಅಂದ. ನಾಲ್ಕಕ್ಕೂ ಸರಿಯಾಗಿ ತುಂಬಿಸಿದ. ಅವನ ಮಾತು ನೂರಕ್ಕೆ ನೂರು ನಿಜ. ದೂರ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಗಾಳಿ ನೋಡಿಸಿಕೊಂಡರೆ ಅದಕ್ಕಿಂತ ಅಗ್ಗದ ಉಳಿತಾಯ ಇನ್ನೊಂದಿಲ್ಲ.

ರಾತ್ರಿ ಹುಬ್ಬಳ್ಳಿ. ಗಿರ್ಮಿಟ್, ಮೆಣಸಿನಕಾಯಿ ಬಜಿ, ಚಹಾ. ಮಾವ ಬೇಗ ಮಲಗಿದರು.

ಎರಡನೇ ದಿನ: ಅರಬೈಲ್ ಘಟ್ಟ, ಕಾರವಾರದ ತುಪೊಲೆವ್

ಬೆಳಿಗ್ಗೆ ಹುಬ್ಬಳ್ಳಿಯ ಬಂಕ್‌ನಲ್ಲಿ ಮತ್ತೆ ಆಟೋ ಕಟ್‌ವರೆಗೆ ತುಂಬಿಸಿದೆ. ಬೆಂಗಳೂರು ಟ್ರಾಫಿಕ್ ಸೇರಿಸಿಕೊಂಡೂ ಲೀಟರ್‌ಗೆ 17 ಚಿಲ್ಲರೆ ಬಂತು. ಕೆಲವು ವರ್ಷಗಳ ಹಿಂದೆ ಇದೇ ರಸ್ತೆಯಲ್ಲಿ ಇದೇ ಕಾರು 18 ದಾಟುತ್ತಿತ್ತು. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನ ಸುಮಾರು ಮೂರನೇ ಎರಡು ಪಾಲು. ಲೆಕ್ಕ ಹಾಕಿದರೆ ಲೀಟರ್‌ಗೆ ಆರೇಳು ಶೇಕಡಾ ಶಕ್ತಿ ಕಡಿಮೆ. ಆಕ್ಟೇನ್, ಅಂದರೆ ಎಂಜಿನ್‌ನಲ್ಲಿ ಅಕಾಲಕ್ಕೆ ಹೊತ್ತಿಕೊಳ್ಳದಿರುವ ಗುಣ, ಮಾತ್ರ ಏರುತ್ತದೆ. ಹೊಸ ಎಂಜಿನ್‌ಗಳು ಅದರ ಲಾಭ ಸ್ವಲ್ಪ ತೆಗೆದುಕೊಳ್ಳಬಹುದು, ನನ್ನ ಹಳೇ ಕಾರಿಗೆ ಅದು ಸಿಗುವುದಿಲ್ಲ. ರಬ್ಬರ್ ಪೈಪುಗಳು ಹಳತಾಗಿದ್ದರೆ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ ಬದಲಾಯಿಸಿಕೊಳ್ಳಿ. ನಾನು ಹೊರಡುವ ಮೊದಲೇ ಆ ಕೆಲಸ ಮುಗಿಸಿದ್ದೆ.

ಮಾವ ಹೇಳಿದ್ದು ಇನ್ನೂ ಸ್ವಾರಸ್ಯ. ಪಿಸ್ಟನ್ ವಿಮಾನಗಳ ಕಾಲದಲ್ಲಿ ಪೆಟ್ರೋಲ್‌ಗೆ ಬಣ್ಣ ಹಾಕಿರುತ್ತಿದ್ದರು, ತಪ್ಪು ದರ್ಜೆ ತುಂಬಬಾರದು ಅಂತ. 100/130 ಹಸಿರು. ಸೂಪರ್ ಕಾನ್‌ಸ್ಟಲೇಷನ್‌ನಂಥ ದೊಡ್ಡ ಎಂಜಿನ್‌ಗಳಿಗೆ ಬೇಕಾದ 115/145 ನೇರಳೆ. ಅದರಲ್ಲಿ ಸೀಸ ಧಾರಾಳ. ಈಗ ಆ ನೇರಳೆ ಪೆಟ್ರೋಲ್ ಸಾಮಾನ್ಯವಾಗಿ ಸಿಗುವುದಿಲ್ಲ. ಉಳಿದಿರುವ ಕಾನ್‌ಸ್ಟಲೇಷನ್ ಹಾರಿಸುವವರು ಕಡಿಮೆ ದರ್ಜೆಯ ಪೆಟ್ರೋಲ್ ಹಾಕಿ, ಎಂಜಿನ್‌ನಿಂದ ಕಡಿಮೆ ಶಕ್ತಿ ಪಡೆದು ಸಂಭಾಳಿಸುತ್ತಾರೆ.

ಕಲಘಟಗಿ ದಾಟಿದಂತೆ ಹತ್ತಿ, ಗೋವಿನಜೋಳದ ಹೊಲ ಮುಗಿದು ಕಾಡು ಶುರು. ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಮಳೆ ಹನಿಯುತ್ತಿತ್ತು. ಅಕ್ಟೋಬರ್ ಕೊನೆಯಲ್ಲೂ ಇಲ್ಲಿ ಮಳೆಗೆ ಹೇಳುವವರು ಕೇಳುವವರು ಇಲ್ಲ. ಅರಬೈಲ್ ಘಟ್ಟದ ಮೇಲೆ ಬರುವ ಹೊತ್ತಿಗೆ ಮಂಜು ರಸ್ತೆಗೇ ಇಳಿದಿತ್ತು. ಮುಂದೆ ಒಂದು ಲಾರಿ ಕೆಟ್ಟು ತಿರುವಿನಲ್ಲಿ ನಿಂತಿತ್ತು, ಎರಡೂ ಕಡೆ ಸಾಲು. ಇಳಿದು ಕೈಕಾಲು ಚಾಚಿದೆವು. ನಮ್ಮ ಮುಂದಿನ ಲಾರಿಯ ಡ್ರೈವರ್ ಗದಗ ಕಡೆಯವರು. ಮಂಗಳೂರಿಗೆ ಲೋಡು. ಮಾವ ಅವರನ್ನು ಕೇಳಿದ್ದು ಮೈಲೇಜ್.

"ಲೋಡ್ ಇದ್ರ ಮೂರೂವರಿ ನಾಕ್ ಕೊಡ್ತದ್ರಿ ಯಜಮಾನ್ರ. ಘಟ್ಟದಾಗ ಅದೂ ಇಲ್ಲ."

"ಇಳಿಯೋವಾಗ ನ್ಯೂಟ್ರಲ್ ಹಾಕ್ತೀರೇನು?"

ಅವರು ತಲೆ ಅಡ್ಡ ಹಾಕಿದರು. "ಹೊಸಾ ಹುಡುಗ್ರು ಹಾಕ್ತಾರ್ರಿ. ಡೀಸೆಲ್ ಉಳಿತದ ಅಂತಾರ. ಲೈನರ್ ಕಾದು ಬ್ರೇಕ್ ಕೈ ಕೊಟ್ರ ಆ ಉಳದ ಡೀಸೆಲ್ ತಗೊಂಡು ಏನ್ ಮಾಡೂದ್ರಿ? ಏರೂವಾಗ ಯಾವ ಗೇರ್ನಾಗ ಏರ್ತೀವಿ, ಇಳಿಯೂವಾಗ ಅದ ಗೇರ್ನಾಗ ಇಳೀಬೇಕ್ರಿ."

ಮಾವ ಖುಷಿಯಿಂದ ಅವರ ಬೆನ್ನು ತಟ್ಟಿದರು. ಕಾರಿನವರೂ ಇದನ್ನು ಗಮನಿಸಬೇಕು. ಕಾರ್ಬ್ಯುರೇಟರ್ ಕಾಲದಲ್ಲಿ ಗೇರಿನಲ್ಲಿ ಇಳಿದರೂ ಎಂಜಿನ್ ಪೆಟ್ರೋಲ್ ಹೀರುತ್ತಲೇ ಇತ್ತು, ಅದಕ್ಕೇ ನ್ಯೂಟ್ರಲ್ ಚಟ ಹುಟ್ಟಿದ್ದು. ಇಂದಿನ ಇಂಜೆಕ್ಷನ್ ಎಂಜಿನ್ ಹಾಗಲ್ಲ. ಗೇರಿನಲ್ಲಿದ್ದು ಆಕ್ಸಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ಮುಚ್ಚುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತದೆ, ಪೆಟ್ರೋಲ್ ಸೊನ್ನೆ. ನ್ಯೂಟ್ರಲ್ ಹಾಕಿದಿರೋ, ಐಡಲ್ ಆಗಲು ಪೆಟ್ರೋಲ್ ಬೇಕೇ ಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವವರು ಪೆಟ್ರೋಲನ್ನೂ ಕಳೆಯುತ್ತಾರೆ, ಹಿಡಿತವನ್ನೂ ಕಳೆಯುತ್ತಾರೆ. ಲಾರಿ ಪಕ್ಕಕ್ಕೆ ಸರಿದ ಮೇಲೆ ಮೂರನೇ ಗೇರು, ತಿರುವಿದ್ದಲ್ಲಿ ಎರಡನೇ ಗೇರು. ಬ್ರೇಕ್ ಅಪರೂಪಕ್ಕೆ. ಒದ್ದೆ ಎಲೆಗಳ ವಾಸನೆ, ಅಲ್ಲಲ್ಲಿ ಗುಡ್ಡದಿಂದ ರಸ್ತೆಗೇ ಸುರಿಯುವ ನೀರು. ಡ್ರೈವಿಂಗ್ ಅಂದರೆ ನನಗೆ ಇಂಥ ಇಳಿಜಾರು. ವೇಗ ಬೇಕಿಲ್ಲ, ಕಾರಿನ ತೂಕ ಒಂದು ಚಕ್ರದಿಂದ ಇನ್ನೊಂದಕ್ಕೆ ಸಾಗುವುದು ಬೆನ್ನಿಗೆ ಗೊತ್ತಾಗಬೇಕು, ಅಷ್ಟು ಸಾಕು.

ಅಂಕೋಲಾದ ಹತ್ತಿರ ಸಮುದ್ರದ ಸೆಕೆ ಒಮ್ಮೆಲೇ ಮುಖಕ್ಕೆ ಬಡಿಯಿತು. ಕಾರವಾರದಲ್ಲಿ ಊಟ: ಬಂಗುಡೆ ಫ್ರೈ, ತಿಸರೆ ಸುಕ್ಕಾ, ಕೆಂಪಕ್ಕಿ ಅನ್ನ, ಕೊನೆಗೆ ಕೋಕಂ ಕಡಿ. ಸಸ್ಯಾಹಾರಿ ಮಾವನಿಗೆ ಬಡಿಸುತ್ತಿದ್ದ ಅಮ್ಮ ಬೇರೆಯಾಗಿ ತೊಂಡೆಕಾಯಿ ಪಲ್ಯ ಮಾಡಿಸಿ ಕೊಟ್ಟರು. "ಅಷ್ಟು ದೂರದಿಂದ ಬಂದು ಬರೀ ಸಾರು ಅನ್ನ ಉಂಡ್ರೆ ಹ್ಯಾಗೆ?" ಅಂದರು.

ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಯುದ್ಧನೌಕೆ ಮೊದಲಿನಿಂದ ಇತ್ತು. ಈಗ ಅದರ ಪಕ್ಕ ತುಪೊಲೆವ್ ಟಿಯು-142ಎಂ ಬಂದು ನಿಂತಿದೆ. ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ಜಲಾಂತರ್ಗಾಮಿಗಳನ್ನು ಹುಡುಕುತ್ತ ಹಾರಿದ ಮಾದರಿ. ಅರಕ್ಕೋಣಂನಿಂದ ಬಿಡಿಭಾಗಗಳಾಗಿ ರಸ್ತೆಯಲ್ಲೇ ತಂದು ಇಲ್ಲಿ ಜೋಡಿಸಿದ್ದಾರೆ. ಉದ್ದ 53 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್. ಹೈವೇಯಿಂದಲೇ ಕಾಣುತ್ತದೆ.

ನಾನು ಹೆಚ್ಚು ಹೊತ್ತು ನೋಡಿದ್ದು ಪ್ರೊಪೆಲ್ಲರ್. ಪ್ರತಿ ಎಂಜಿನ್‌ಗೂ ಒಂದು ಜೋಡಿ, ಒಂದರ ಹಿಂದೆ ಒಂದು, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುವಂಥವು. ಮುಂದಿನದು ಗಾಳಿಯನ್ನು ಸುರುಳಿ ಸುತ್ತಿಸಿ ಹಿಂದೆ ತಳ್ಳುತ್ತದೆ. ಆ ಸುರುಳಿಯಲ್ಲಿ ಪೋಲಾಗುವ ಶಕ್ತಿಯನ್ನು ಹಿಂದಿನದು ಹಿಡಿದು ಮತ್ತೆ ತಳ್ಳಲು ಬಳಸುತ್ತದೆ. ಒಂದೊಂದು ಕುಜ್‌ನೆತ್ಸೊವ್ ಎಂಜಿನ್ 15 ಸಾವಿರ ಅಶ್ವಶಕ್ತಿ, ಅಂಥವು ನಾಲ್ಕು. ಗಂಟೆಗೆ 900 ಕಿಲೋಮೀಟರ್ ದಾಟುವ ಪ್ರೊಪೆಲ್ಲರ್ ವಿಮಾನ! ಒಮ್ಮೆ ಇಂಧನ ತುಂಬಿದರೆ 12 ಸಾವಿರ ಕಿಲೋಮೀಟರ್. ಅದಕ್ಕೆ ಬೇಕಾದ ಇಂಧನ 80 ಸಾವಿರ ಲೀಟರ್‌ಗಿಂತಲೂ ಜಾಸ್ತಿ. ಎಷ್ಟೇ ಕೈ ಬಿಗಿ ಹಿಡಿದು ಲೆಕ್ಕ ಹಾಕಿದರೂ ಕಿಲೋಮೀಟರ್‌ಗೆ ಆರೂವರೆ ಲೀಟರ್‌ಗಿಂತ ಕೆಳಗೆ ಬರುವುದಿಲ್ಲ. ಜೆಟ್ ಎಂಜಿನ್ ಹಾಕಿದ್ದರೆ ಅಷ್ಟು ದೂರ ಹಾರಿ, ಅಷ್ಟು ಹೊತ್ತು ಸಮುದ್ರದ ಮೇಲೆ ಸುತ್ತುವುದು ಆ ಕಾಲದಲ್ಲಿ ಆಗುತ್ತಿರಲಿಲ್ಲ. ದೂರ ಹೋಗಬೇಕಾದವರು ಪ್ರೊಪೆಲ್ಲರ್ ಹಿಡಿದರು. ಇಷ್ಟು ದೈತ್ಯ ವಿಮಾನದ ಹಿಂದೆಯೂ ಇದ್ದದ್ದು ಇಂಧನದ ಲೆಕ್ಕವೇ.

ಸಂಜೆಯ ಬಿಸಿಲಿಗೆ ಮಕ್ಕಳು ಅದರ ನೆರಳಿನಲ್ಲಿ ಓಡಾಡುತ್ತಿದ್ದರು. ಮಾವ ಕಲ್ಲುಬೆಂಚಿನ ಮೇಲೆ ಕೂತು ಟರ್ಬೈನ್‌ನಿಂದ ಪ್ರೊಪೆಲ್ಲರ್ ತಿರುಗಿಸುವ ಇಂಥ ಟರ್ಬೋಪ್ರಾಪ್ ಎಂಜಿನ್‌ನ ಗೇರ್‌ಬಾಕ್ಸ್ ಹೇಗಿರುತ್ತದೆ ಅಂತ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗರಿಗೆ ವಿವರಿಸಿದರು. ಹುಡುಗರು ಫೋನ್ ಕೆಳಗಿಟ್ಟು ಕೇಳಿದರು.

ಮೂರನೇ ದಿನ: ಬೋಗ್ಮಾಲೋ

ಕಾಳಿ ನದಿ ದಾಟುವಾಗ ಪಕ್ಕದಲ್ಲಿ ಹಳೇ ಸೇತುವೆ ಇದ್ದ ಜಾಗ ನೋಡಿ ಮನಸ್ಸು ಭಾರವಾಯಿತು. 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಅದು ಕುಸಿದು ಲಾರಿಯೊಂದು ನೀರಿಗೆ ಬಿದ್ದಿತ್ತು. ಚಾಲಕ ಬದುಕಿ ಬಂದರು. ಮಾಜಾಳಿ ದಾಟಿ ಪೋಳೆಂನಲ್ಲಿ ಗೋವಾ ಶುರು. ಕಾಣಕೋಣದ ಕಡೆ ರಸ್ತೆ ಗುಡ್ಡ ಏರಿ ಇಳಿಯುತ್ತ, ಗೇರುಮರಗಳ ನಡುವೆ ಹೋಗುತ್ತದೆ. ಮಡಗಾಂವ್ ತನಕ ಆರಾಮ. ಆಮೇಲೆ ಟ್ರಾಫಿಕ್.

ಸಂಗ್ರಹಾಲಯಕ್ಕೆ ಸೋಮವಾರ ರಜೆ, ಅದನ್ನು ನೋಡಿಕೊಂಡು ಹೋಗಿ. ಟೋಪಿ, ನೀರು ಬೇಕು, ವಿಮಾನಗಳೆಲ್ಲ ಹೊರಗೆ ಬಿಸಿಲಲ್ಲಿ. ಸೀ ಹಾಕ್, ಅಲಿಝೆ, ಸೀ ಹ್ಯಾರಿಯರ್, ಫೈರ್‌ಫ್ಲೈ. 1953ರಲ್ಲಿ ನೌಕಾಪಡೆಗೆ ಬಂದ ಮೊದಲ ವಿಮಾನದ ಜಾತಿಯ ಸೀಲ್ಯಾಂಡ್. ಒಂದೊಂದಕ್ಕೂ ಒಂದು ಗಂಟೆ ಕೊಡಬಹುದು. ನಾನು ನೇರ ನಡೆದದ್ದು ಕಾನ್‌ಸ್ಟಲೇಷನ್ ಕಡೆ.

ಚಿತ್ರದಲ್ಲಿ ಎಷ್ಟು ನೋಡಿದ್ದರೂ ಎದುರಿಗೆ ನಿಂತಾಗ ಬೇರೆ. ಮೈ ನೇರ ಕೊಳವೆಯಲ್ಲ, ಮೂಗಿನಿಂದ ಬಾಲದವರೆಗೆ ಡಾಲ್ಫಿನ್ ಹಾಗೆ ಬಳುಕಿದೆ. ದೊಡ್ಡ ಪ್ರೊಪೆಲ್ಲರ್‌ಗಳು ನೆಲಕ್ಕೆ ತಾಗಬಾರದು ಅಂತ ಮುಂದಿನ ಕಾಲು ಎತ್ತರ. ಹಿಂದೆ ಮೂರು ಬಾಲ, ಒಂದೇ ಎತ್ತರದ ಬಾಲ ಇಟ್ಟಿದ್ದರೆ ಆ ಕಾಲದ ಹ್ಯಾಂಗರ್ ಒಳಗೆ ಹೋಗುತ್ತಿರಲಿಲ್ಲ. ಉಪ್ಪುಗಾಳಿಗೆ ಬಣ್ಣ ಮಾಸಿದೆ. ಎಂಜಿನ್ ಕವಚದ ಕೆಳಗೆ ನಿಂತು ಮೇಲೆ ನೋಡಿದರೆ ಸಾಲು ಸಾಲು ರಿವೆಟ್, ಅಷ್ಟೊಂದನ್ನೂ ಯಾರೋ ಕೈಯಾರೆ ಬಡಿದಿದ್ದಾರೆ.

ಈ ವಿಮಾನ ಮೊದಲು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ರಾಣಿ ಆಫ್ ಎಲ್ಲೋರಾ'. 1950ರ ದಶಕದಲ್ಲಿ ಪ್ರಯಾಣಿಕರನ್ನು ಹೊತ್ತು ದೇಶದೇಶ ಹಾರಿದ್ದು. 1960ರಲ್ಲಿ ಬೋಯಿಂಗ್ 707 ಬಂದ ಮೇಲೆ ಈ ರಾಣಿಯರ ಕಾಲ ಮುಗಿಯಿತು. ವಾಯುಪಡೆಗೆ ಹೋಗಿ, 1976ರಲ್ಲಿ ನೌಕಾಪಡೆಗೆ ಬಂದು, 312ನೇ ಸ್ಕ್ವಾಡ್ರನ್‌ನಲ್ಲಿ ಸಮುದ್ರ ಕಾಯುವ ಕೆಲಸ ಮಾಡಿತು. ಅದೇ ಸ್ಕ್ವಾಡ್ರನ್‌ಗೆ ಆಮೇಲೆ ಬಂದದ್ದು ಹಿಂದಿನ ದಿನ ಕಾರವಾರದಲ್ಲಿ ಕಂಡ ತುಪೊಲೆವ್. ಪಕ್ಕದ ದಾಬೋಲಿಂ ವಿಮಾನ ನಿಲ್ದಾಣಕ್ಕೆ ಈ ಜಾತಿಯ ವಿಮಾನದ ನಂಟು ಇನ್ನೂ ಹಳೆಯದು. 1961ರ ಡಿಸೆಂಬರ್‌ನಲ್ಲಿ, ಗೋವಾ ವಿಮೋಚನೆಯ ಹೊತ್ತಿಗೆ, ನಮ್ಮ ವಾಯುಪಡೆಯ ಕ್ಯಾನ್‌ಬೆರಾ ಬಾಂಬರ್‌ಗಳು ಇಲ್ಲಿನ ರನ್‌ವೇ ಮೇಲೆ ಬಾಂಬ್ ಹಾಕಿದ ಮೇಲೆ, ಪೋರ್ಚುಗೀಸರು ಗುಂಡಿ ಮುಚ್ಚಿ, ರಾತ್ರಿ ಕತ್ತಲಲ್ಲಿ ಒಂದು ಕಾನ್‌ಸ್ಟಲೇಷನ್ ಮತ್ತು ಒಂದು ಡಿಸಿ-4 ಹಾರಿಸಿಕೊಂಡು ಕರಾಚಿಗೆ ಹೋದರು.

ಮಾವನಿಗೆ ಎಂಜಿನ್ ಮುಖ್ಯ. ರೈಟ್ ಆರ್-3350. ಒಂಬತ್ತೊಂಬತ್ತು ಸಿಲಿಂಡರಿನ ಎರಡು ಸುತ್ತು, ಒಟ್ಟು 18. ಸುಮಾರು 55 ಲೀಟರ್, ನನ್ನ ಕಾರಿನ ಎಂಜಿನ್‌ನ 45 ಪಟ್ಟಿಗೂ ಹೆಚ್ಚು. ಒಂದೊಂದು 3,250 ಅಶ್ವಶಕ್ತಿ. ಇದರ ವಿಶೇಷ ಹೊಗೆಯಲ್ಲಿದೆ. ಟರ್ಬೋ ಕಾರಿನಲ್ಲಿ ಹೊಗೆಯ ರಭಸ ಒಂದು ಟರ್ಬೈನ್ ತಿರುಗಿಸಿ, ಅದು ಗಾಳಿ ಒತ್ತುತ್ತದೆ ಅಲ್ವಾ? ಇಲ್ಲಿ ಪ್ರತಿ ಎಂಜಿನ್‌ಗೂ ಅಂಥ ಮೂರು ಟರ್ಬೈನ್ ಇಟ್ಟು, ಅವುಗಳ ಶಕ್ತಿಯನ್ನು ನೇರ ಕ್ರ್ಯಾಂಕ್‌ಶಾಫ್ಟ್‌ಗೆ ವಾಪಸ್ ಕೊಟ್ಟಿದ್ದಾರೆ. ಹೊಗೆಯ ಜೊತೆ ಹೊರಗೆ ಹೋಗಿ ಪೋಲಾಗುತ್ತಿದ್ದ 400ಕ್ಕೂ ಹೆಚ್ಚು ಅಶ್ವಶಕ್ತಿ ಮತ್ತೆ ಪ್ರೊಪೆಲ್ಲರ್‌ಗೆ. ಟರ್ಬೋ ಕಾಂಪೌಂಡ್ ಅನ್ನುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಪೆಟ್ರೋಲ್ ಎಂಜಿನ್ ಒಂದು ಇಷ್ಟು ಮಿತವಾಗಿ ಇಂಧನ ಬಳಸಿದ್ದು ಇಂದಿಗೂ ಬೆರಗು. ರಿಪೇರಿ ಮಾತ್ರ ಜಾಸ್ತಿ. ನಾಲ್ಕು ಎಂಜಿನ್‌ನಲ್ಲಿ ಹೊರಟು ಮೂರರಲ್ಲಿ ಬಂದಿಳಿಯುವುದು ಅಪರೂಪ ಏನಾಗಿರಲಿಲ್ಲ.

ನಾವು ಮಾತಾಡುವುದು ಕೇಳಿ ಹತ್ತಿರ ಬಂದವರು ಬೆಳಗಾವಿ ಕಡೆಯ ಹಿರಿಯರು. ಮೊಮ್ಮಗನ ಕೈ ಹಿಡಿದಿದ್ದರು. 70ರ ದಶಕದ ಕೊನೆಗೆ ಇಲ್ಲೇ ದಾಬೋಲಿಂನಲ್ಲಿ ನೌಕಾಪಡೆಯ ತಂತ್ರಜ್ಞರಾಗಿ ಕೆಲಸಕ್ಕೆ ಸೇರಿದವರಂತೆ.

"ಇದನ್ನ ಸ್ಟಾರ್ಟ್ ಮಾಡೂದು ನೋಡಬೇಕಿತ್ರಿ," ಅಂದರು. "ಕೆಳಗಿನ ಸಿಲಿಂಡರ್ನಾಗ ಎಣ್ಣಿ ಇಳದು ಕುಂತಿರತದ. ಮೊದಲ ಪ್ರೊಪೆಲ್ಲರ್ ಒಂದಿಷ್ಟು ಸುತ್ತು ಸುಮ್ಮನ ತಿರುಗಸ್ತಿದ್ವಿ. ಆಮ್ಯಾಲ ಇಗ್ನಿಷನ್. ಬುಸ್ ಅಂತ ಬಿಳೀ ಹೊಗಿ ಬಂದು ಹಿಂದ ನಿಂತಾವ್ರು ಕಾಣ್ತಿರಲಿಲ್ಲ. ಮುಂಜಾನೆ ಎಣ್ಣಿ ತುಂಬಸೂದ ಒಂದು ದೊಡ್ಡ ಕೆಲಸ."

ಮಾವ ಫ್ಲೈಟ್ ಎಂಜಿನಿಯರ್ ವಿಷಯ ತೆಗೆದರು. ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಹಿಂದೆ, ಬಲಗಡೆಯ ಗೋಡೆಯಂಥ ಪ್ಯಾನೆಲ್‌ಗೆ ಮುಖ ಮಾಡಿ ಒಬ್ಬರು ಕೂರುತ್ತಿದ್ದರು. ನಾಲ್ಕೂ ಎಂಜಿನ್ ಅವರ ಜವಾಬ್ದಾರಿ. ಎತ್ತರಕ್ಕೆ ಏರಿ ನೆಟ್ಟಗಾದ ಮೇಲೆ ಒಂದೊಂದು ಎಂಜಿನ್‌ಗೂ ಪೆಟ್ರೋಲ್ ಮಿಶ್ರಣ ತೆಳು ಮಾಡುತ್ತ ಬರುತ್ತಾರೆ. ಶಕ್ತಿಯ ಮುಳ್ಳು ಮೊದಲು ತುದಿಗೆ ಏರುತ್ತದೆ, ಆಮೇಲೆ ಇಳಿಯುತ್ತದೆ. ತುದಿಯಿಂದ ಹತ್ತು ಶೇಕಡಾ ಇಳಿದಾಗ ಅಲ್ಲಿಗೆ ನಿಲ್ಲಿಸಿ, ಥ್ರಾಟಲ್ ಸ್ವಲ್ಪ ಕೊಟ್ಟು ಶಕ್ತಿ ಸರಿ ಮಾಡುತ್ತಾರೆ. ಮಾವ ಗಾಳಿಯಲ್ಲೇ ಕಾಣದ ಲಿವರ್ ಹಿಡಿದು, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ತೋರಿಸಿದರು. ಹಿರಿಯರು ಹೌದು ಹೌದು ಅಂತ ತಲೆಯಾಡಿಸಿದರು. ಅಜ್ಜಂದಿರಿಬ್ಬರ ಕೈ ನೋಡುತ್ತ ಮೊಮ್ಮಗ ತಾನೂ ಎಳೆದ.

ಸಾಗರ ದಾಟುವಾಗ ಇಡೀ ರಾತ್ರಿ ಆ ಮುಳ್ಳುಗಳನ್ನು ಕಾಯುವುದು. ಪೆಟ್ರೋಲ್ ಉಳಿಸುವುದು ಅಂದರೆ ನನ್ನ ಪಾಲಿಗೆ ಇದೇ. ಜಿಪುಣತನ ಅಲ್ಲ, ಎಂಜಿನ್ ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳುವುದು. ಈಗ ಕಾರಿನಲ್ಲಿ ಆ ಮಿಶ್ರಣದ ಕೆಲಸ ಕಂಪ್ಯೂಟರ್ ಮಾಡುತ್ತದೆ. ನಮಗೆ ಉಳಿದದ್ದು ಬಲಗಾಲು ಒಂದೇ. ಮುಂದಿನ ಗಾಡಿ ಬ್ರೇಕ್ ಹಾಕುತ್ತದೆ ಅಂತ ಮೊದಲೇ ಗೊತ್ತಾದರೆ ಕಾಲು ತೆಗೆಯುವುದು, ಏರಿನ ಮೊದಲೇ ವೇಗ ಕೂಡಿಸುವುದು. ಅದನ್ನೂ ಬಿಟ್ಟುಕೊಟ್ಟರೆ ಡ್ರೈವಿಂಗ್‌ನಲ್ಲಿ ನಮ್ಮ ಪಾಲು ಏನು ಉಳಿಯಿತು?

ಬೋಗ್ಮಾಲೋ ಬೀಚಿನ ಹತ್ತಿರ ಸಂಜೆ ಗ್ರೇವಿ ಸುರಿದ ರೋಸ್ ಆಮ್ಲೆಟ್, ಪಾವ್. ಮಾವನಿಗೆ ಪಾವ್ ಜೊತೆ ಭಾಜಿ. ತಲೆಯ ಮೇಲಿಂದ ದಾಬೋಲಿಂಗೆ ಇಳಿಯುವ ಜೆಟ್‌ಗಳು. ಕಾಗದದ ನ್ಯಾಪ್‌ಕಿನ್ ಮೇಲೆ ನಾವು ಲೆಕ್ಕ ಹಾಕಿದೆವು. ಸೂಪರ್ ಕಾನ್‌ಸ್ಟಲೇಷನ್ ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತ ಸುಮಾರು 1,500 ಲೀಟರ್ ಕುಡಿಯುತ್ತದೆ. ಕಿಲೋಮೀಟರ್‌ಗೆ ಮೂರು ಲೀಟರ್. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ 80 ಜನ ಕೂತಿದ್ದರೆ ಒಬ್ಬೊಬ್ಬರ ಪಾಲಿಗೆ ಲೀಟರ್‌ಗೆ 27 ಕಿಲೋಮೀಟರ್ ಹತ್ತಿರ! ನಮ್ಮ ಸ್ವಿಫ್ಟ್ 17 ಕೊಟ್ಟರೂ ನಾವಿಬ್ಬರಿದ್ದೇವೆ, ತಲೆಗೆ 34. ಗೆದ್ದೆವು. ಒಬ್ಬನೇ ಬಂದಿದ್ದರೆ 17, ರಾಣಿಯ ಎದುರು ಸೋಲು. 70 ವರ್ಷ ಹಳೆಯ ವಿಮಾನದ ಎದುರು! ಮೊದಲ ಜೆಟ್‌ಗಳು ಇದಕ್ಕಿಂತ ಜಾಸ್ತಿ ಕುಡಿಯುತ್ತಿದ್ದವು. ಜನ ಆರಿಸಿಕೊಂಡದ್ದು ಸಮಯ ಉಳಿಸುವುದನ್ನು, ಇಂಧನ ಉಳಿಸುವುದನ್ನಲ್ಲ. ನಾವು ಹೈವೇಯಲ್ಲಿ ದಿನಾ ಮಾಡುವುದೂ ಅದನ್ನೇ.

ನಾಲ್ಕನೇ ದಿನ: ಅನಮೋಡ್ ಏರಿ ಮನೆಗೆ

ಗೋವಾದಲ್ಲಿ ಪೆಟ್ರೋಲ್ ನಮ್ಮಲ್ಲಿಗಿಂತ ಐದಾರು ರೂಪಾಯಿ ಕಡಿಮೆ ಇತ್ತು. ಗಡಿ ದಾಟುವ ಮೊದಲು ಫೋಂಡಾದಲ್ಲಿ ಟ್ಯಾಂಕ್ ತುಂಬಿಸಿದೆ. ಮೊಲೆಂ ಕಾಡು ದಾಟಿ ಅನಮೋಡ್ ಘಟ್ಟ. ಇಳಿದು ಬಂದ ಎತ್ತರವನ್ನೆಲ್ಲ ಇಲ್ಲಿ ವಾಪಸ್ ಕಟ್ಟಬೇಕು. ಎರಡನೇ ಗೇರು, ಎಸಿ ಆಫ್, ಕಿಟಕಿ ತೆರೆದು ಏರಿದೆವು. ಅಲ್ಲಲ್ಲಿ ರಸ್ತೆ ಕೆಲಸ, ಕೆಂಪು ಕೆಸರು. ಸಣ್ಣ ಕಾರಿನವರು ಇಲ್ಲಿ ಲಾರಿಗಳ ಹಿಂದೆ ಅವಸರ ಪಡಬಾರದು. ಒಂದೇ ಹದದಲ್ಲಿ ಏರುವುದು ಎಂಜಿನ್‌ಗೂ ಹಿತ. ಬಿಟ್ಟು ಬಿಟ್ಟು ಒತ್ತಿದರೆ ಟೆಂಪರೇಚರ್ ಏರುತ್ತದೆ.

ರಾಮನಗರದಲ್ಲಿ ಚಹಾ, ಅವಲಕ್ಕಿ. ಲೋಂಡಾದಿಂದ ಅಳ್ನಾವರ ದಾಟಿ ಧಾರವಾಡ. ಲೈನ್ ಬಜಾರಿನಲ್ಲಿ ಪೇಢಾಕ್ಕೆ ನಿಂತಾಗ ಮಾವ ಅಲ್ಲೇ ಒಂದು ಬಾಯಿಗೆ ಹಾಕಿಕೊಂಡು, ಕಟ್ಟಿಸಿದ್ದು ಸಾಲದು ಅಂತ ಇನ್ನೊಂದು ಕಿಲೋ ಕಟ್ಟಿಸಿದರು. ಆಮೇಲೆ ಹೈವೇ, ಅದೇ ದಾರಿ. ಚಿತ್ರದುರ್ಗದಲ್ಲಿ ಗಾಳಿ ಈ ಸಲ ಬೆನ್ನಿಗಿತ್ತು. 85ರಲ್ಲಿ ಎಂಜಿನ್ ಸದ್ದೇ ಬೇರೆ, ಹಗುರ. ಮೈಲೇಜ್ ಅಂಕಿ 20ರ ಆಚೆಗೇ ನಿಂತಿತ್ತು. ಮಾವ ಕಣ್ಣು ಮುಚ್ಚಿಕೊಂಡೇ "ಈಗ ಸರಿ ಓಡಿಸ್ತಿದೀಯ ನೋಡು" ಅಂದರು. ಸದ್ದು ಕೇಳಿಯೇ ಹೇಳಿದ್ದು.

ತುಮಕೂರಿನಲ್ಲಿ ಅವರನ್ನು ಮನೆಗೆ ಬಿಡುವಾಗ ರಾತ್ರಿ ಎಂಟು ದಾಟಿತ್ತು. ಅತ್ತೆ ಊಟ ಮಾಡದೆ ಬಿಡಲಿಲ್ಲ. ಚಪಾತಿ, ಹುರುಳಿಕಾಯಿ ಪಲ್ಯ, ಸಾರು. ಮಾವ ಗೇಟಿನವರೆಗೆ ಬಂದು, ಪಂಕ್ಚರ್ ಹಾಕಿಸಿದ ಟೈರನ್ನು ಒಮ್ಮೆ ಒತ್ತಿ ನೋಡಿದರು.

ನೆಲಮಂಗಲದವರೆಗೆ ಟ್ರಾಫಿಕ್ ಇರಲಿಲ್ಲ. ಫೋಂಡಾದಿಂದ ಇಲ್ಲಿಯವರೆಗೆ, ಘಟ್ಟ ಸೇರಿ, ಲೀಟರ್‌ಗೆ 18ರ ಮೇಲೆ ಬಂದಿತ್ತು. ಈಗ ಪಕ್ಕದ ಸೀಟು ಖಾಲಿ, ನ್ಯಾಪ್‌ಕಿನ್ ಲೆಕ್ಕದ ಪ್ರಕಾರ ಈ ಕೊನೆಯ ತುಂಡು ರಸ್ತೆಯಲ್ಲಿ ಗೆಲುವು ರಾಣಿಯದೇ. ಪೀಣ್ಯದ ಫ್ಲೈಓವರ್ ಇಳಿದ ಕೂಡಲೇ ಸಾಲು ನಿಂತಿತ್ತು. ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದೆ.